ಗೋವಾದ ಕನ್ನಡ ಸಭೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು: ಪ್ರೊಟೆಸ್ಟೆಂಟ್ ನಂಬಿಕೆ, ಸಭೆಯ ಇತಿಹಾಸ ಮತ್ತು ಅಧಿಕಾರ

ಹುಬ್ಬಳ್ಳಿ, ಗದಗ, ಬೀದರ್ ಕಡೆಯಿಂದ ಬಂದು ವಾಸ್ಕೋ, ಮಡಗಾಂವ್ ಸುತ್ತ ನೆಲೆಸಿದ ನಮ್ಮ ಕುಟುಂಬಗಳಲ್ಲಿ ಈಗ ಇಲ್ಲೇ ಹುಟ್ಟಿದ ಮಕ್ಕಳು ದೊಡ್ಡವರಾಗಿದ್ದಾರೆ. ಅವರ ಶಾಲೆಯಲ್ಲಿ, ಕೆಲಸದ ಜಾಗದಲ್ಲಿ ಕ್ರೈಸ್ತರು ಅಂದರೆ ಬಹುತೇಕ ರೋಮನ್ ಕ್ಯಾಥೊಲಿಕರು, ಅಂದರೆ ಆರ್‌ಸಿಯವರೇ. ಊರಲ್ಲಿ ಯಾರೂ ಕೇಳದ ಪ್ರಶ್ನೆಗಳನ್ನು ಇಲ್ಲಿ ಗೆಳೆಯರು ಕೇಳುತ್ತಾರೆ. ಆರಾಧನೆ ಮುಗಿದು ಚಹಾ ಕುಡಿಯುವ ಹೊತ್ತಿಗೆ ಅವೇ ಪ್ರಶ್ನೆಗಳು ನಮ್ಮ ಮುಂದೆ ಬರುತ್ತವೆ. ಹಾಗೆ ಬಂದವುಗಳಿಗೆ ಉತ್ತರಗಳನ್ನು ಇಲ್ಲಿ ಬರೆದಿದ್ದೇನೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮತ್ತು ಮೆಥೊಡಿಸ್ಟ್ ಮನೆಗಳಲ್ಲಿ ಬೆಳೆದವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ನಿಮ್ಮ ಸಭೆ ಶುರುವಾದದ್ದೇ 1517ರಲ್ಲಿ. ಅದಕ್ಕೂ ಮುಂಚೆ ನೀವೆಲ್ಲಿದ್ದಿರಿ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಉತ್ತರ: ನಾವೂ ಅದೇ ಸಭೆಯಲ್ಲಿದ್ದೆವು.

1517ರಲ್ಲಿ ಜರ್ಮನಿಯಲ್ಲಿ ಸಭೆಯ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರ್ ಎಲ್ಲಿಂದಲೋ ಬಂದು ಹೊಸ ಧರ್ಮ ಹುಟ್ಟಿಸಲಿಲ್ಲ. ಅವರಿಗೆ ದೀಕ್ಷಾಸ್ನಾನ ಕೊಟ್ಟದ್ದು, ಬೈಬಲ್ ಕಲಿಸಿದ್ದು, ಪಾದ್ರಿಯಾಗಿ ಅಭಿಷೇಕ ಮಾಡಿದ್ದು ಆ ಹಳೆಯ ಸಭೆಯೇ. ಅವರು ಸಂತ ಅಗಸ್ಟಿನ್ ಹೆಸರಿನ ಮಠದ ಸನ್ಯಾಸಿ. ಯೇಸು ಸ್ವಾಮಿ ಪೂರ್ತಿ ದೇವರು, ಪೂರ್ತಿ ಮನುಷ್ಯ ಎಂದು 325ರಲ್ಲಿ ನೈಸೀಯದಿಂದ ಹಿಡಿದು 451ರಲ್ಲಿ ಕಲ್ಸೆದೋನ್‌ವರೆಗೆ ನಡೆದ, ಬಿಷಪ್ಪರು ಸೇರಿದ ನಾಲ್ಕು ಮಹಾಸಭೆಗಳು ಹೇಳಿದ್ದವು. ಲೂಥರ್, ಅವರ ಕಾಲದ ಉಳಿದ ಸುಧಾರಕರು ಅದನ್ನು ಹಾಗೇ ಒಪ್ಪಿಕೊಂಡರು. ಭಾನುವಾರ ನಾವೆಲ್ಲ ಎದ್ದು ನಿಂತು ಹೇಳುವ ನೈಸೀಯ ವಿಶ್ವಾಸ ಪ್ರಮಾಣ ಲೂಥರ್‌ಗಿಂತ ಸಾವಿರ ವರ್ಷಕ್ಕೂ ಹಳೆಯದು. ಹಳೆಯ ಸಭೆಯ ದೊಡ್ಡ ಬೋಧಕರಾದ ಅಥನಾಸಿಯಸ್, ಅಗಸ್ಟಿನ್, ಕ್ರಿಸೊಸ್ತೊಮ್ ಎಲ್ಲರೂ ನಮ್ಮ ಹಿರಿಯರೇ. ಅವರನ್ನು ‘ಆರ್‌ಸಿಯವರ ಸಂತರು’ ಎಂದು ಬಿಟ್ಟುಕೊಡುವುದು ನಮ್ಮ ಹುಡುಗರು ಮಾಡುವ ದೊಡ್ಡ ತಪ್ಪು. ನಮ್ಮ ಮನೆಯ ಆಸ್ತಿಯನ್ನು ನಾವೇ ಬರೆದುಕೊಟ್ಟ ಹಾಗೆ ಅದು.

ಇನ್ನೊಂದು ವಿಷಯ. ಸಭೆಯ ಇತಿಹಾಸ ಅಂದರೆ ರೋಮಿನ ಇತಿಹಾಸ ಮಾತ್ರ ಅಲ್ಲ. 1054ರ ಹೊತ್ತಿಗೆ ಪೂರ್ವದ ಸಭೆ, ಪಶ್ಚಿಮದ ಸಭೆ ಬೇರೆಯಾಗಿದ್ದವು. ನಮ್ಮ ಪಕ್ಕದ ಕೇರಳದ ಸುರಿಯಾನಿ ಕ್ರೈಸ್ತರಿಗೆ ನೂರಾರು ವರ್ಷ ಬಿಷಪ್ಪರು ಬರುತ್ತಿದ್ದದ್ದು ಮೆಸಪೊಟೇಮಿಯ ಕಡೆಯಿಂದ. ಅವರನ್ನು ರೋಮಿನ ಕೈಕೆಳಗೆ ತರಲು ಗೋವಾದ ಆರ್ಚ್‌ಬಿಷಪ್ ಮೆನೆಜೆಸ್ ಅವರೇ ಇಲ್ಲಿಂದ ಹೋಗಿ 1599ರಲ್ಲಿ ಉದಯಂಪೇರೂರಿನಲ್ಲಿ ಸಭೆ ಸೇರಿಸಿದರು. ಸುರಿಯಾನಿ ಪುಸ್ತಕಗಳನ್ನು ಸುಡಿಸಿದರು. 1653ರಲ್ಲಿ ಮಟ್ಟಾಂಚೇರಿಯಲ್ಲಿ ಆ ಜನ ಶಿಲುಬೆಗೆ ಹಗ್ಗ ಕಟ್ಟಿ ಹಿಡಿದು, ಇನ್ನು ರೋಮಿನ ಪರ ಬಂದ ಜೆಸುವಿಟ್ ಪಂಗಡದ ಪಾದ್ರಿಗಳ ಮಾತು ಕೇಳುವುದಿಲ್ಲ ಎಂದು ಪ್ರಮಾಣ ಮಾಡಿದರು. ಅವರು ಪ್ರೊಟೆಸ್ಟೆಂಟರಲ್ಲ. ಲೂಥರ್ ಹೆಸರು ಅವರಿಗೆ ಬೇಕಿರಲೂ ಇಲ್ಲ. ಅಧಿಕಾರ ಯಾರದ್ದು ಎಂಬ ಪ್ರಶ್ನೆ ಜರ್ಮನಿಯಲ್ಲಿ ಮಾತ್ರ ಏಳಲಿಲ್ಲ ಅಂತ ತೋರಿಸಲು ಇದನ್ನು ಹೇಳಿದೆ.

ಹಾಗಾದರೆ 1517ರಲ್ಲಿ ಆದದ್ದೇನು?

ಪೋರ್ಚುಗೀಸರು ಗೋವಾ ಹಿಡಿದದ್ದು 1510ರಲ್ಲಿ. ಅದಾಗಿ ಏಳು ವರ್ಷಕ್ಕೆ, ಅಕ್ಟೋಬರ್ 31ರಂದು ವಿಟೆನ್‌ಬರ್ಗ್‌ನಲ್ಲಿ ಲೂಥರ್ 95 ವಾದಗಳನ್ನು ಹೊರಗೆ ತಂದರು. ರೋಮಿನ ಸಂತ ಪೇತ್ರರ ದೇವಾಲಯ ಕಟ್ಟಲು ಹಣ ಬೇಕಾಗಿತ್ತು. ಅದಕ್ಕೆ ಪಾಪದ ಶಿಕ್ಷೆ ಕಡಿಮೆಯಾಗುತ್ತದೆ ಎಂದು ಹೇಳಿ ಕ್ಷಮಾಪತ್ರಗಳನ್ನು ಮಾರುತ್ತಿದ್ದರು. ದುಡ್ಡು ಕೊಟ್ಟು ಕಾಗದ ತಗೊಂಡ ಬಡವರು ನಿಜವಾದ ಪಶ್ಚಾತ್ತಾಪವನ್ನೇ ಮರೆಯುತ್ತಾರೆ ಎಂಬುದು ಲೂಥರ್ ಸಂಕಟ. ಆಗ ಅವರು ಪೋಪರ ವಿರೋಧಿಯೇನೂ ಆಗಿರಲಿಲ್ಲ.

ನಿಜವಾದ ತಿರುವು ಬಂದದ್ದು 1519ರ ಜುಲೈನಲ್ಲಿ, ಲೈಪ್ಸಿಗ್‌ನ ವಾದದಲ್ಲಿ. ರೋಮಿನ ಪರ ಎದುರಿಗಿದ್ದ ಯೋಹಾನ್ ಎಕ್ ಬಹಳ ಜಾಣ. ನೂರು ವರ್ಷದ ಹಿಂದೆ, 1415ರಲ್ಲಿ, ಯಾನ್ ಹುಸ್ ಎಂಬ ಬೊಹೆಮಿಯದ ಬೋಧಕನನ್ನು ಕಾನ್‌ಸ್ಟನ್ಸ್ ಮಹಾಸಭೆ ತಪ್ಪಿತಸ್ಥ ಅಂದಿತ್ತು. ಅವನನ್ನು ಜೀವಂತ ಸುಟ್ಟಿದ್ದರು. ‘ನೀನು ಹೇಳುತ್ತಿರುವುದು ಅದೇ ಹುಸ್‌ನ ಮಾತಲ್ಲವೇ?’ ಎಂದು ಎಕ್ ಬಿಗಿ ಹಿಡಿದರು. ತಪ್ಪಿಸಿಕೊಳ್ಳಲು ದಾರಿ ಇತ್ತು. ಲೂಥರ್ ಅದನ್ನು ಬಿಟ್ಟು, ಹುಸ್‌ನ ಮಾತುಗಳಲ್ಲಿ ಸುವಾರ್ತೆಗೆ ಒಪ್ಪುವಂಥವೂ ಇವೆ, ಮಹಾಸಭೆಗಳೂ ತಪ್ಪು ಮಾಡಬಹುದು ಅಂದರು. ಕ್ಷಮಾಪತ್ರದ ಜಗಳ ಅಲ್ಲಿಗೆ ಅಧಿಕಾರದ ಪ್ರಶ್ನೆಯಾಯಿತು. 1521ರ ಜನವರಿಯಲ್ಲಿ ಪೋಪ್ ಅವರನ್ನು ಸಭೆಯಿಂದ ಬಹಿಷ್ಕರಿಸಿದರು. ಅದೇ ಏಪ್ರಿಲ್‌ನಲ್ಲಿ ವೋರ್ಮ್ಸ್‌ನಲ್ಲಿ ಚಕ್ರವರ್ತಿಯ ಮುಂದೆ ನಿಂತಾಗಲೂ ಅವರು ಬರೆದದ್ದನ್ನು ವಾಪಸ್ ತಗೊಳ್ಳಲಿಲ್ಲ. ಅವರಾಗಿ ಬಿಟ್ಟು ಹೋದವರಲ್ಲ, ಹೊರಗೆ ಹಾಕಿಸಿಕೊಂಡವರು. ಈ ಕ್ರಮ ನೆನಪಿರಲಿ.

‘ಬೈಬಲ್ ಮಾತ್ರ’ ಅಂದರೆ ಹಿರಿಯರ ಮಾತು, ಸಂಪ್ರದಾಯ ಏನೂ ಬೇಡ ಅಂತಲಾ?

ಅಲ್ಲ. ನಮ್ಮವರೇ ಎಷ್ಟೋ ಜನ ಹಾಗೆ ತಿಳಿದಿದ್ದಾರೆ. ಸುಧಾರಕರ ಮಾತು ಇಷ್ಟು: ತಪ್ಪದೇ ಇರುವ ಅಧಿಕಾರ ಬೈಬಲಿಗೆ ಮಾತ್ರ. ಸಭೆ, ಮಹಾಸಭೆ, ವಿಶ್ವಾಸ ಪ್ರಮಾಣ, ಬಿಷಪ್, ಪಾಸ್ಟರ್ ಎಲ್ಲರಿಗೂ ಅಧಿಕಾರ ಇದೆ. ಆದರೆ ಅದು ಬೈಬಲಿನ ಕೆಳಗಿನ ಅಧಿಕಾರ. ಜಿನೀವಾದ ಸುಧಾರಕ ಕ್ಯಾಲ್ವಿನ್ ಬರೆದದ್ದನ್ನು ಓದಿದರೆ ಪುಟಪುಟದಲ್ಲೂ ಅಗಸ್ಟಿನ್ ಸಿಗುತ್ತಾರೆ. 1530ರ ಆಗ್ಸ್‌ಬರ್ಗ್ ವಿಶ್ವಾಸ ಪ್ರಮಾಣ ಶುರುವಾಗುವುದೇ ನೈಸೀಯದ ತೀರ್ಮಾನವನ್ನು ಒಪ್ಪಿಕೊಂಡು.

ಮತ್ತೆ ‘ಕೆಳಗೆ’ ಅಂತ ಯಾಕೆ? ಇದಕ್ಕೆ ಅಥನಾಸಿಯಸ್ ಅವರ ಬದುಕನ್ನೇ ನೋಡಿ. ನೈಸೀಯ ಮುಗಿದ ಮೇಲೆ, ಯೇಸು ಪೂರ್ತಿ ದೇವರಲ್ಲ ಎಂಬ ಅರಿಯಸ್‌ನ ಬೋಧನೆ ಅಲ್ಲಿಗೇ ನಿಲ್ಲಲಿಲ್ಲ. ಚಕ್ರವರ್ತಿಗಳೇ ಆ ಕಡೆ ವಾಲಿದರು. 359ರಲ್ಲಿ ರಿಮಿನಿಯಲ್ಲಿ ನೂರಾರು ಬಿಷಪ್ಪರು ಸೇರಿದರು. ಒತ್ತಡಕ್ಕೆ ಮಣಿದು, ನೈಸೀಯದ ಗಟ್ಟಿ ಮಾತನ್ನು ಬಿಟ್ಟುಕೊಟ್ಟ ಹೇಳಿಕೆಗೆ ಸಹಿ ಹಾಕಿದರು. ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ ಐದು ಸಲ ಗಡಿಪಾರಾದರು. ಬಿಷಪ್ಪರ ತಲೆ ಎಣಿಸಿ ಸತ್ಯ ತೀರ್ಮಾನ ಮಾಡುವುದಾಗಿದ್ದರೆ ಅವತ್ತು ಅವರು ಸೋತಿದ್ದರು. ಇವತ್ತು ರೋಮಿನವರೂ ನಾವೂ ಅವರನ್ನು ಒಂದೇ ಗೌರವದಿಂದ ನೆನೆಯುತ್ತೇವೆ.

ಬೈಬಲನ್ನು ಕೊಟ್ಟದ್ದೇ ಸಭೆ ಅಲ್ವಾ? ಅಂದಮೇಲೆ ಸಭೆಯೇ ದೊಡ್ಡದಲ್ವಾ?

ಒಳ್ಳೆಯ ಪ್ರಶ್ನೆ. ಹಾರಿಕೆಯ ಉತ್ತರ ಕೊಡಬಾರದು. ಹೊಸ ಒಡಂಬಡಿಕೆಯ 27 ಪುಸ್ತಕಗಳು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ, ಈಗಿರುವ ಹಾಗೇ ಒಂದು ಪಟ್ಟಿಯಲ್ಲಿ ಸಿಗುವುದು ಅಥನಾಸಿಯಸ್ ಅವರು 367ರಲ್ಲಿ ಬರೆದ ಈಸ್ಟರ್ ಪತ್ರದಲ್ಲಿ. ಸಭೆ ಆ ಪುಸ್ತಕಗಳನ್ನು ಕಾಪಾಡಿತು, ಪ್ರತಿ ಮಾಡಿತು, ಓದಿತು, ಅವುಗಳಿಗಾಗಿ ಸತ್ತಿತು. ಅದನ್ನು ಯಾವ ಪ್ರೊಟೆಸ್ಟೆಂಟನೂ ಅಲ್ಲಗಳೆಯಬಾರದು.

ಆದರೆ ಅಕ್ಕಸಾಲಿಗ ಒರೆಗಲ್ಲಿಗೆ ಉಜ್ಜಿ ಇದು ಚಿನ್ನ ಅಂದರೆ, ಅವನು ಚಿನ್ನವನ್ನು ಹುಟ್ಟಿಸಿದ ಅಂತ ಅಲ್ಲ. ಪೌಲನ ಪತ್ರ ಕೊರಿಂಥಕ್ಕೆ ಹೋಗಿ ಮುಟ್ಟಿದ ದಿನವೇ ಅದಕ್ಕೆ ಅಪೊಸ್ತಲನ ಅಧಿಕಾರ ಇತ್ತು. ಮುನ್ನೂರು ವರ್ಷ ಕಳೆದು ಪಟ್ಟಿ ಆದಮೇಲೆ ಬಂದದ್ದಲ್ಲ.

ಆರ್‌ಸಿಯವರ ಬೈಬಲಿನಲ್ಲಿ ಪುಸ್ತಕಗಳು ಜಾಸ್ತಿ ಇವೆ. ನಾವು ತೆಗೆದು ಹಾಕಿದೆವಾ?

ಹಳೆ ಒಡಂಬಡಿಕೆಯಲ್ಲಿ ನಮಗೆ 39, ಅವರಿಗೆ 46. ತೊಬೀತ, ಯೂದಿತ, ಮಕ್ಕಬಿಯರು ಮುಂತಾದವು ಯೆಹೂದ್ಯರ ಹೀಬ್ರೂ ಪಟ್ಟಿಯಲ್ಲಿ ಇರಲಿಲ್ಲ. ಇವುಗಳ ಬಗ್ಗೆ ಹಳೆಯ ಸಭೆಯಲ್ಲೇ ಎರಡು ಅಭಿಪ್ರಾಯ ಇತ್ತು. ಬೈಬಲನ್ನು ಲ್ಯಾಟಿನ್ ಭಾಷೆಗೆ ತಂದ ಜೆರೋಮ್ ಇವುಗಳನ್ನು ಬೇರೆ ಇಟ್ಟರು. ಅಗಸ್ಟಿನ್ ಸೇರಿಸಿಕೊಂಡರು. 1534ರ ಲೂಥರ್ ಬೈಬಲಿನಲ್ಲಿ ಇವು ಎರಡು ಒಡಂಬಡಿಕೆಗಳ ನಡುವೆ ಇವೆ, ಓದಲು ಒಳ್ಳೆಯವು ಎಂಬ ಮಾತಿನೊಂದಿಗೆ. ಆಂಗ್ಲಿಕನ್ ಸಭೆಯೂ ನಡತೆ ಕಲಿಯಲು ಓದಿ, ಸಿದ್ಧಾಂತ ಕಟ್ಟಲು ಬೇಡ ಎಂದಿತು. ಇವೂ ಉಳಿದವುಗಳಷ್ಟೇ ಪವಿತ್ರ ಎಂದು ರೋಮಿನ ಸಭೆಯ ಟ್ರೆಂಟ್ ಮಹಾಸಭೆ 1546ರಲ್ಲಿ ಕಡ್ಡಾಯ ಮಾಡಿತು. ಮಕ್ಕಬಿಯರ ಮೊದಲ ಪುಸ್ತಕವನ್ನು ಒಮ್ಮೆ ಓದಿ ನೋಡಿ. ಯೇಸು ಹುಟ್ಟುವ ಮುಂಚಿನ ಯೆಹೂದ್ಯರ ಕಷ್ಟ ಅರ್ಥವಾಗುತ್ತದೆ.

ಬೀಗದ ಕೈಗಳನ್ನು ಪೇತ್ರನಿಗೆ ಕೊಟ್ಟದ್ದು ಯೇಸು ಸ್ವಾಮಿಯೇ. ಪೋಪರನ್ನು ಯಾಕೆ ಒಪ್ಪುವುದಿಲ್ಲ?

ಮತ್ತಾಯ 16ರಲ್ಲಿ ಕೊಟ್ಟದ್ದು ಹೌದು. ಕಟ್ಟುವ, ಬಿಚ್ಚುವ ಅದೇ ಅಧಿಕಾರವನ್ನು ಮತ್ತಾಯ 18ರಲ್ಲಿ ಎಲ್ಲ ಶಿಷ್ಯರಿಗೂ ಕೊಡುತ್ತಾರೆ. ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ಯೆರೂಸಲೇಮಿನಲ್ಲಿ ದೊಡ್ಡ ಚರ್ಚೆ. ಪೇತ್ರ ಮಾತಾಡುತ್ತಾನೆ, ಪೌಲ ಬಾರ್ನಬರು ಮಾತಾಡುತ್ತಾರೆ, ಕೊನೆಗೆ ತೀರ್ಮಾನದ ಮಾತು ಹೇಳುವವನು ಯಾಕೋಬ. ಗಲಾತ್ಯ 2ರಲ್ಲಿ ಪೌಲನು ಪೇತ್ರನನ್ನು ಎಲ್ಲರ ಮುಂದೆಯೇ ತಿದ್ದುತ್ತಾನೆ. ಪೇತ್ರನಿಗೆ ಮೊದಲ ಸ್ಥಾನ ಇತ್ತು. ತಿದ್ದಲಾಗದ ಸ್ಥಾನ ಇರಲಿಲ್ಲ.

ಇತಿಹಾಸದಲ್ಲೂ ಅಷ್ಟೆ. ನೈಸೀಯಕ್ಕೆ ರೋಮಿನ ಬಿಷಪ್ ಬರಲಿಲ್ಲ, ಇಬ್ಬರು ಪಾದ್ರಿಗಳನ್ನು ಕಳಿಸಿದರು. ಕಲ್ಸೆದೋನ್‌ನಲ್ಲಿ ಪೋಪ್ ಲಿಯೋ ಅವರ ಪತ್ರ ಓದಿದಾಗ ‘ಲಿಯೋ ಮೂಲಕ ಪೇತ್ರನೇ ಮಾತಾಡಿದ್ದಾನೆ’ ಎಂದು ಬಿಷಪ್ಪರು ಕೂಗಿದರು. ಆರ್‌ಸಿ ಗೆಳೆಯರು ಇದನ್ನು ಹೇಳಿದರೆ ಒಪ್ಪಿಕೊಳ್ಳಿ, ಅದು ನಿಜ. ಅದೇ ಬಿಷಪ್ಪರು ಆ ಪತ್ರ ಅಲೆಕ್ಸಾಂಡ್ರಿಯದ ಹಿಂದಿನ ಬಿಷಪ್ ಸಿರಿಲ್‌ ಅವರ ಬೋಧನೆಗೆ ಒಪ್ಪುತ್ತದೆಯೇ ಎಂದು ಪರಿಶೀಲಿಸಿದರು ಎಂಬುದೂ ನಿಜ. ಪೋಪ್ ಕೆಲವು ಸಂದರ್ಭದಲ್ಲಿ ಬೋಧಿಸಿದ್ದು ತಪ್ಪುವುದೇ ಇಲ್ಲ ಎಂದು ರೋಮ್ ನಿರ್ಣಯ ಮಾಡಿದ್ದು 1870ರಲ್ಲಿ. ನಮ್ಮ ತಕರಾರು ಇರುವುದು ಆ ‘ತಪ್ಪುವುದೇ ಇಲ್ಲ’ ಎಂಬುದರ ಮೇಲೆ. ಪೋಪ್ ಎಂಬ ವ್ಯಕ್ತಿಯ ಮೇಲೆ ಅಲ್ಲ.

ಮತ್ತೆ ನಮ್ಮಲ್ಲೂ ಬಿಷಪ್ಪರು ಇದ್ದಾರಲ್ಲ?

ಇದ್ದಾರೆ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಿಎಸ್‌ಐ ಹುಟ್ಟಿದಾಗ ಬಿಷಪ್ಪರಿದ್ದ ಆಂಗ್ಲಿಕನ್ನರು, ಬಿಷಪ್ಪರಿಲ್ಲದ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು, ಮೆಥೊಡಿಸ್ಟರು ಒಂದಾದರು. 1970ರಲ್ಲಿ ನಾಗಪುರದಲ್ಲಿ ಆರು ಸಭೆಗಳು ಸೇರಿ ಸಿಎನ್‌ಐ (ಉತ್ತರ ಭಾರತ ಸಭೆ) ಆಯಿತು. ಬೀದರ್ ಕಡೆಯ ನಮ್ಮ ಮೆಥೊಡಿಸ್ಟರು ಎರಡಕ್ಕೂ ಸೇರಲಿಲ್ಲ, ಅವರಿಗೂ ಬಿಷಪ್ಪರಿದ್ದಾರೆ. ಸಭೆ ನೋಡಿಕೊಳ್ಳಲು ಒಳ್ಳೆಯ ವ್ಯವಸ್ಥೆ ಎಂದು ನಾವು ಬಿಷಪ್ಪರನ್ನು ಇಟ್ಟುಕೊಂಡಿದ್ದೇವೆ. ಬಿಷಪ್ ಇಲ್ಲದಿದ್ದರೆ ಸಭೆಯೇ ಅಲ್ಲ ಎಂದು ಹೇಳುವುದಿಲ್ಲ.

ನಮ್ಮ ಅಜ್ಜ ಅಜ್ಜಿಯರ ಸಭೆಗೂ ಲೂಥರ್‌ಗೂ ಏನು ಸಂಬಂಧ?

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್. 1834ರಲ್ಲಿ ಅದರ ಮೂವರು ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ ಕೆಲಸ ಹಬ್ಬಿತು. ಅದರಲ್ಲಿ ಜರ್ಮನಿಯ ಲೂಥರನ್ನರೂ ಸ್ವಿಸ್ ಸುಧಾರಿತ ಸಭೆಯವರೂ ಒಟ್ಟಿಗೆ ಇದ್ದರು. ಜನರ ಭಾಷೆಯಲ್ಲೇ ದೇವರ ವಾಕ್ಯ ಇರಬೇಕು ಎಂಬ ಸುಧಾರಣೆಯ ಹಟ ನಮ್ಮಲ್ಲಿಗೆ ಬಂದದ್ದು ಅವರ ಮೂಲಕ. ಮೊಗ್ಲಿಂಗ್ ಅವರ ‘ಮಂಗಳೂರು ಸಮಾಚಾರ’ 1843, ಕಿಟ್ಟೆಲ್ ಅವರ ನಿಘಂಟು 1894. ಕನ್ನಡಿಗರು ಯಾವ ಧರ್ಮದವರಾದರೂ ಇವುಗಳನ್ನು ತಮ್ಮವೇ ಅಂದುಕೊಳ್ಳುತ್ತಾರೆ, ಅಲ್ವಾ?

ಡಿಸೆಂಬರ್ 8ಕ್ಕೆ ಪಣಜಿಯಲ್ಲಿ ಮರಿಯಮ್ಮನ ಹಬ್ಬ. ನಮಗೆ ಮರಿಯಮ್ಮ ಬೇಡವಾ?

ಬೇಕು. ಅವರನ್ನು ದೇವರ ತಾಯಿ ಎಂದು ಕರೆಯಬಹುದು ಎಂದು 431ರಲ್ಲಿ ಎಫೆಸದ ಮಹಾಸಭೆ ಹೇಳಿತು, ಸುಧಾರಕರು ಅದನ್ನು ಒಪ್ಪಿದರು. ಲೂಥರ್ ಮರಿಯಮ್ಮನ ಹಾಡಿನ ಬಗ್ಗೆ ಬರೆದದ್ದು ಪ್ರೀತಿಯಿಂದಲೇ. ನಮ್ಮ ತೊಂದರೆ ಬೇರೆ. ಮರಿಯಮ್ಮ ಜನ್ಮಪಾಪವಿಲ್ಲದೆ ಗರ್ಭದಲ್ಲಿ ಮೂಡಿದರು ಎಂಬುದನ್ನು 1854ರಲ್ಲಿ, ಶರೀರ ಸಮೇತ ಪರಲೋಕಕ್ಕೆ ಹೋದರು ಎಂಬುದನ್ನು 1950ರಲ್ಲಿ ರೋಮ್ ಎಲ್ಲರೂ ನಂಬಲೇಬೇಕು ಎಂದು ನಿರ್ಣಯಿಸಿತು. ಬೈಬಲಿನಲ್ಲಿ ಸ್ಪಷ್ಟವಾಗಿ ಇಲ್ಲದ್ದನ್ನು ಮನಸ್ಸಾಕ್ಷಿಯ ಮೇಲೆ ಹೇರಬಾರದು ಎನ್ನುತ್ತೇವೆ. ಪ್ರಾರ್ಥನೆಯನ್ನು ದೇವರಿಗೇ ಸಲ್ಲಿಸುತ್ತೇವೆ.

ಓಲ್ಡ್ ಗೋವಾದ ಹಬ್ಬಕ್ಕೆ ಹೋಗಬಹುದಾ?

ನೋಡಲು, ಗೆಳೆಯರ ಜೊತೆಗಿರಲು ಹೋಗಿ. ಡಿಸೆಂಬರ್ 3 ಜೆಸುವಿಟ್ ಸಂತ ಫ್ರಾನ್ಸಿಸ್ ಕ್ಸೇವಿಯರ್ ತೀರಿಕೊಂಡ ದಿನ. ಅವರು ಗೋವಾಕ್ಕೆ ಬಂದದ್ದು 1542ರಲ್ಲಿ, ಲೂಥರ್ ಇನ್ನೂ ಬದುಕಿದ್ದಾಗ. ಬೊಂ ಜೀಸಸ್ ಬಸಿಲಿಕಾದ ಹೊರಗೋಡೆಗೆ ಈಗ ಗಾರೆ ಇಲ್ಲ, ಕೆಂಪು ಮುರಕಲ್ಲು ಹಾಗೇ ಕಾಣುತ್ತದೆ. ಒಳಗೆ ಬಲಗಡೆ ಎತ್ತರದ ಅಮೃತಶಿಲೆಯ ಕಟ್ಟೆ, ಅದರ ಮೇಲೆ ಅವರ ದೇಹ ಇರುವ ಬೆಳ್ಳಿಯ ಪೆಟ್ಟಿಗೆ. ಕೆಳಗೆ ನಿಂತ ಜನ ಕತ್ತು ಎತ್ತಿ, ತುಟಿ ಅಲ್ಲಾಡಿಸುತ್ತಾ ಬೇಡಿಕೊಳ್ಳುತ್ತಾರೆ. ಕೂಲಿ ಕೆಲಸಕ್ಕೆ ಬಂದ ನಮ್ಮ ಕಡೆಯ ಹೆಣ್ಣುಮಕ್ಕಳೂ ಅಲ್ಲಿರುತ್ತಾರೆ. ಅವರ ಭಕ್ತಿಯನ್ನು ದಯವಿಟ್ಟು ಹಾಸ್ಯ ಮಾಡಬೇಡಿ. ತೀರಿಹೋದ ಸಂತರನ್ನು ಬೇಡಿಕೊಳ್ಳುವುದು ನಮಗೆ ಬೈಬಲಿನಲ್ಲಿ ಕಾಣುವುದಿಲ್ಲ, ಅದಕ್ಕೆ ನಾವು ಬೇಡಿಕೊಳ್ಳುವುದಿಲ್ಲ. ಅಷ್ಟೇ.

ಅದೇ ಗೋವಾದಲ್ಲಿ ಇನ್‌ಕ್ವಿಸಿಷನ್ (ನಂಬಿಕೆ ತಪ್ಪಿದವರನ್ನು ವಿಚಾರಿಸಿ ಶಿಕ್ಷಿಸುವ ಸಭೆಯ ನ್ಯಾಯಾಲಯ) ನಡೆಯಿತಲ್ಲ? ಅದನ್ನು ವಾದದಲ್ಲಿ ಹೇಳಬಹುದಾ?

ನಡೆಯಿತು. ಕ್ಸೇವಿಯರ್ ಅವರೇ 1546ರಲ್ಲಿ ಪೋರ್ಚುಗಲ್ ರಾಜನಿಗೆ ಪತ್ರ ಬರೆದು ಅದನ್ನು ಕೇಳಿದ್ದರು. 1560ರಲ್ಲಿ ಶುರುವಾಗಿ, ನಡುವೆ ಸ್ವಲ್ಪ ಕಾಲ ನಿಂತು, 1812ರಲ್ಲಿ ಮುಗಿಯಿತು. ಆದರೆ ಅದನ್ನು ಕಲ್ಲಿನ ಹಾಗೆ ಎಸೆಯುವ ಮೊದಲು ನಮ್ಮ ಕಡೆಯದ್ದನ್ನೂ ಹೇಳಬೇಕು.

1527ರಲ್ಲಿ ಜೂರಿಕ್‌ನ ಪ್ರೊಟೆಸ್ಟೆಂಟ್ ಆಡಳಿತ ಫೆಲಿಕ್ಸ್ ಮಾಂಟ್ಸ್ ಎಂಬ ಯುವಕನನ್ನು ನದಿಯಲ್ಲಿ ಮುಳುಗಿಸಿ ಕೊಂದಿತು. ದೊಡ್ಡವರಿಗೆ ಮತ್ತೆ ದೀಕ್ಷಾಸ್ನಾನ ಕೊಟ್ಟದ್ದು ಅವನ ತಪ್ಪು. 1553ರಲ್ಲಿ ಕ್ಯಾಲ್ವಿನ್ ಇದ್ದ ಜಿನೀವಾದಲ್ಲಿ ತ್ರಿಯೇಕ ದೇವರ ಬೋಧನೆಯನ್ನು ಅಲ್ಲಗಳೆದ ಸೆರ್ವೆಟಸ್‌ನನ್ನು ಸುಟ್ಟರು. 1543ರಲ್ಲಿ ಲೂಥರ್ ಯೆಹೂದ್ಯರ ವಿರುದ್ಧ ಬರೆದದ್ದು ಓದಿದರೆ ತಲೆ ತಗ್ಗಿಸಬೇಕು. ಎಲಿಜಬೆತ್ ರಾಣಿಯ ಇಂಗ್ಲೆಂಡಿನಲ್ಲಿ ಆರ್‌ಸಿ ಪಾದ್ರಿಗಳಿಗೆ ಮರಣದಂಡನೆ ಆಗುತ್ತಿತ್ತು. ಮಡಗಾಂವ್ ಹತ್ತಿರದ ರಾಯ್ತೂರಿನಲ್ಲಿ 1616ರಲ್ಲಿ ಅಚ್ಚಾದ ‘ಕ್ರಿಸ್ತಪುರಾಣ’ ಬರೆದ ಥಾಮಸ್ ಸ್ಟೀಫನ್ಸ್ ಆ ಇಂಗ್ಲೆಂಡನ್ನು ಬಿಟ್ಟು ಬಂದ ಜೆಸುವಿಟ್. ಅವರು ಗೋವಾ ಮುಟ್ಟಿದ್ದು 1579ರಲ್ಲಿ. ಅಂದರೆ ಪ್ರೊಟೆಸ್ಟೆಂಟರಿಗೆ ಹೆದರಬೇಕಾಗಿದ್ದ ಸಭೆಯ ಮಗ ಇಲ್ಲೇ ಕೂತು ಮರಾಠಿಯಲ್ಲಿ ಯೇಸುವಿನ ಕಥೆಯನ್ನು ಓವಿ ಎಂಬ ಪದ್ಯಗಳಲ್ಲಿ ಬರೆದರು. ಇದನ್ನು ನೆನೆದಾಗಲೆಲ್ಲ ನನ್ನ ಧ್ವನಿ ತಗ್ಗುತ್ತದೆ. ಸಭೆ ತಪ್ಪು ಮಾಡಬಹುದು ಎಂಬುದು ನಮ್ಮ ನಂಬಿಕೆಯಾದರೆ, ನಮ್ಮ ಸಭೆಯೂ ಅದರಲ್ಲಿ ಸೇರಿದೆ.

ನಂಬಿಕೆ ಮಾತ್ರ ಸಾಕು, ಒಳ್ಳೆ ಕೆಲಸ ಬೇಡ ಅಂತೀರಾ?

ಇಲ್ಲ. ಎಫೆಸ 2:8ರಿಂದ 10ರವರೆಗೆ ಓದಿ. ಕೃಪೆಯಿಂದ ರಕ್ಷಣೆ, ಆಮೇಲೆ ಅದೇ ಉಸಿರಿನಲ್ಲಿ ಸತ್ಕ್ರಿಯೆ. ಈ ಜಗಳ ಮೊದಲಿನಷ್ಟು ಬಿಸಿ ಇಲ್ಲ. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟ ಮತ್ತು ವ್ಯಾಟಿಕನ್ ಇದೇ ವಿಷಯದ ಮೇಲೆ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದವು. 2006ರಲ್ಲಿ ಮೆಥೊಡಿಸ್ಟರು ಸೇರಿಕೊಂಡರು, 2017ರಲ್ಲಿ ಕ್ಯಾಲ್ವಿನ್ ಪರಂಪರೆಯ ಸುಧಾರಿತ ಸಭೆಗಳು. ಎಲ್ಲ ಭಿನ್ನಾಭಿಪ್ರಾಯ ಹೋಗಿಲ್ಲ. ಆದರೂ 450 ವರ್ಷಗಳ ಹಿಂದಿನ ಬೈಗುಳಗಳನ್ನು ಇವತ್ತಿಗೂ ಹೇಳುತ್ತಾ ಕೂರುವುದು ಸರಿಯಲ್ಲ.

ಎಲ್ಲರೂ ಬೈಬಲ್ ಓದಿ ತಮಗೆ ತೋಚಿದ ಅರ್ಥ ಮಾಡಿದರೆ ಗತಿ ಏನು?

ಈ ಭಯ ನಿಜವಾದದ್ದು. ಒಂದೇ ಓಣಿಯಲ್ಲಿ ಮೂರು ಸಭೆ, ಮೂವರಿಗೂ ಮಾತಿಲ್ಲ. ಇದನ್ನು ನಾವು ನೋಡುತ್ತಲೇ ಇದ್ದೇವೆ. ಅದಕ್ಕಿಂತ ನನಗೆ ಹೆಚ್ಚು ಚಿಂತೆ ಇನ್ನೊಂದು. ಪೋಪರಿಗೆ ತಪ್ಪದ ಅಧಿಕಾರ ಇಲ್ಲ ಎನ್ನುವ ನಮ್ಮವರೇ ಸ್ವಂತ ಪಾಸ್ಟರನ್ನು ಪ್ರಶ್ನೆ ಮಾಡಬಾರದು ಎನ್ನುತ್ತಾರೆ. ‘ದೇವರು ನನಗೆ ಹೇಳಿದರು’ ಅಂದುಬಿಟ್ಟರೆ ಮುಗಿಯಿತು, ಯಾರೂ ಬಾಯಿ ಬಿಡುವಂತಿಲ್ಲ. ಯಾರ ಜೊತೆ ಮದುವೆ, ಎಷ್ಟು ಕಾಣಿಕೆ, ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಲ್ಲಕ್ಕೂ ಅವರದ್ದೇ ಅಪ್ಪಣೆ. ಇದು ಸುಧಾರಣೆಗೆ ನೇರ ವಿರುದ್ಧ. ಬೆರೋಯದ ಜನ ಪೌಲನ ಮಾತನ್ನೇ ಶಾಸ್ತ್ರದ ಜೊತೆ ಇಟ್ಟು ನೋಡಿದರು, ಅದಕ್ಕೆ ಅವರನ್ನು ಹೊಗಳಿದ್ದಾರೆ. ಅಪೊಸ್ತಲರ ಕೃತ್ಯಗಳು 17:11. ಪೌಲನನ್ನೇ ಪರೀಕ್ಷೆ ಮಾಡಬಹುದಾದರೆ ನಮ್ಮ ಪಾಸ್ಟರನ್ನು ಮಾಡಬಾರದಾ?

ಇಲ್ಲಿ ಪಂಡಿತಾ ರಮಾಬಾಯಿ ಅವರನ್ನು ನೆನೆಯಲೇಬೇಕು. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ತಾಯಿಯಿಂದಲೇ ಸಂಸ್ಕೃತ ಕಲಿತವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಎರಡು ವರ್ಷದೊಳಗೆ ಅವರನ್ನು ನೋಡಿಕೊಳ್ಳುತ್ತಿದ್ದ ಆಂಗ್ಲಿಕನ್ ಸನ್ಯಾಸಿನಿಗೂ ಅವರಿಗೂ ಪತ್ರಗಳಲ್ಲಿ ಬಿಸಿ ಚರ್ಚೆ ನಡೆಯಿತು. ಇಲ್ಲಿನ ಪುರೋಹಿತರ ನೊಗವನ್ನು ಕಷ್ಟಪಟ್ಟು ಇಳಿಸಿ ಬಂದವಳು ನಾನು, ಪಾದ್ರಿಗಳು ಹೇಳಿದ್ದೆಲ್ಲ ದೇವರ ಆಜ್ಞೆ ಎಂದು ಮತ್ತೊಂದು ನೊಗಕ್ಕೆ ಕತ್ತು ಕೊಡಲಾರೆ ಎಂಬ ಅರ್ಥದಲ್ಲಿ ಅವರು ಬರೆದರು. ಹಾಗಂತ ಅವರು ಸುಮ್ನೆ ಹಟ ಮಾಡಿದವರಲ್ಲ. ಮುಂದೆ ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಬರಗಾಲದ ಅನಾಥ ಹೆಣ್ಣುಮಕ್ಕಳನ್ನು, ವಿಧವೆಯರನ್ನು ಸಾಕುತ್ತಾ, ಹೀಬ್ರೂ ಗ್ರೀಕ್ ಕಲಿತು, ಇಡೀ ಬೈಬಲನ್ನು ಸರಳ ಮರಾಠಿಗೆ ತಂದರು. ಮನಸ್ಸಾಕ್ಷಿಯ ಸ್ವಾತಂತ್ರ್ಯ ಕೇಳುವವರು ಅಷ್ಟು ಓದಬೇಕು, ಅಷ್ಟು ದುಡಿಯಬೇಕು. ಒಬ್ಬರೇ ಕೂತು ಓದಿದ್ದನ್ನು ಸಭೆಯ ಜೊತೆ, ಹಳೆಯ ಹಿರಿಯರ ಬರಹದ ಜೊತೆ ಹೋಲಿಸಿ ನೋಡಬೇಕು. ಎರಡು ಸಾವಿರ ವರ್ಷದಲ್ಲಿ ಯಾರಿಗೂ ಹೊಳೆಯದ ಅರ್ಥ ನಮಗೆ ಹೊಳೆದರೆ, ಮೊದಲು ಅನುಮಾನ ಪಡಬೇಕಾದದ್ದು ನಮ್ಮ ಓದಿನ ಮೇಲೆ.

ಆರ್‌ಸಿ ಬಲಿಪೂಜೆಗೆ ಹೋದಾಗ ಪ್ರಸಾದ ತಗೋಬಹುದಾ?

ಬೇಡ. ಅದು ಅವರ ಸಭೆಯ ನಿಯಮ, ಅತಿಥಿಗಳಾಗಿ ಪಾಲಿಸಿ. ಎದ್ದಾಗ ಏಳಿ, ಪ್ರಾರ್ಥನೆಯಲ್ಲಿ ಸೇರಿ. ಕರ್ತನ ಪ್ರಾರ್ಥನೆ ಇಬ್ಬರಿಗೂ ಒಂದೇ.

ಅಲ್ಲಿ ಆದ ದೀಕ್ಷಾಸ್ನಾನ ಇಲ್ಲಿ ನಡೆಯುತ್ತದಾ?

ಸಿಎಸ್‌ಐ, ಮೆಥೊಡಿಸ್ಟ್ ಸಭೆಗಳಲ್ಲಿ ನಡೆಯುತ್ತದೆ. ತಂದೆ, ಮಗ, ಪವಿತ್ರಾತ್ಮನ ಹೆಸರಲ್ಲಿ ನೀರಿನಿಂದ ಆದದ್ದನ್ನು ಅವರೂ ಒಪ್ಪುತ್ತಾರೆ. ದೊಡ್ಡವರಾದ ಮೇಲೇ ದೀಕ್ಷಾಸ್ನಾನ ಎನ್ನುವ ಬ್ಯಾಪ್ಟಿಸ್ಟ್, ಪೆಂತೆಕೋಸ್ತ್ ಸಭೆಗಳ ನಿಲುವು ಬೇರೆ.

ಮಗಳು ಆರ್‌ಸಿ ಹುಡುಗನನ್ನು ಮದುವೆಯಾಗುತ್ತಿದ್ದಾಳೆ. ಏನು ತಿಳಿದಿರಬೇಕು?

ಅವರ ಸಭೆಯ ಕಾನೂನಿನಂತೆ ಇಂಥ ಮದುವೆಗೆ ಬಿಷಪ್ಪರ ಕಡೆಯಿಂದ ಅನುಮತಿ ಬೇಕು. ಹುಟ್ಟುವ ಮಕ್ಕಳಿಗೆ ಆರ್‌ಸಿ ಸಭೆಯಲ್ಲೇ ದೀಕ್ಷಾಸ್ನಾನ ಕೊಡಿಸಿ ಬೆಳೆಸಲು ತನ್ನಿಂದಾದದ್ದೆಲ್ಲ ಮಾಡುತ್ತೇನೆ ಎಂದು ಹುಡುಗ ಮಾತು ಕೊಡಬೇಕು. ಆ ಮಾತನ್ನು ಹುಡುಗಿಗೆ ತಿಳಿಸಬೇಕು. ಮಾತು ಕೊಡುವುದು ಹುಡುಗ, ನಿಮ್ಮ ಮಗಳಲ್ಲ. ಎಷ್ಟೋ ಮನೆಗಳಲ್ಲಿ ಇದು ಗೊತ್ತಾಗುವುದೇ ಹಾಲ್ ಬುಕ್ ಆದ ಮೇಲೆ, ಆಮೇಲೆ ಅಳು, ಜಗಳ. ಮಾತುಕತೆ ಶುರುವಾದ ವಾರವೇ ಅವರ ಪ್ಯಾರಿಷ್ ಪಾದ್ರಿಯವರನ್ನೂ ನಮ್ಮ ಅಯ್ಯನವರನ್ನೂ ಹೋಗಿ ಕಾಣಿ. ಹುಡುಗ ಹುಡುಗಿ ಇಬ್ಬರೂ ಜೊತೆಗಿರಲಿ. ಭಾನುವಾರ ಎಲ್ಲಿಗೆ, ಮಕ್ಕಳಿಗೆ ಏನು ಕಲಿಸುವುದು ಎಂಬುದನ್ನು ದೊಡ್ಡವರು ಸುಮ್ಮನಿದ್ದು ಅವರಿಬ್ಬರೇ ಮಾತಾಡಲಿ.